ಮೆದುಳಿಗೆ ಪೆಟ್ಟು ಬಿದ್ದ ಸಂಗಾತಿ ಮನೆಗೆ ಬಂದ ಮೇಲೆ: ಯಾವುದು ಮೊದಲು, ಯಾವುದು ಆಮೇಲೆ

ಐಸಿಯುನಲ್ಲಿ ವಾರಗಟ್ಟಲೆ ಇದ್ದು ಗಂಡನೋ ಹೆಂಡತಿಯೋ ಮನೆಗೆ ಬಂದಿರುತ್ತಾರೆ. ಮಾರನೆಯ ದಿನವೇ ಮನೆಯವರೆಲ್ಲ ಸೇರಿ ಅವರನ್ನು ಮೊದಲಿನ ಹಾಗೆ ಮಾಡಲು ಹೊರಡುತ್ತಾರೆ. ಲೆಕ್ಕ ಕೇಳುತ್ತಾರೆ, ಒಗಟು ಹಾಕುತ್ತಾರೆ, ಹಳೆಯ ಫೋಟೊ ಹಿಡಿದು ‘ಇದು ಯಾರು ಹೇಳಿ’ ಅನ್ನುತ್ತಾರೆ. ಹದಿನೈದು ದಿನದಲ್ಲಿ ಅವರೂ ಸುಸ್ತು, ಇವರೂ ಸುಸ್ತು. ‘ಎಷ್ಟು ಮಾಡಿದರೂ ಪ್ರಯೋಜನ ಇಲ್ಲ’ ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಆಮೇಲೆ ಇದೇ ಕಷ್ಟದಲ್ಲಿರುವ ಹಲವರ ಜೊತೆ ಮಾತಾಡಿದೆ. ಎಲ್ಲರೂ ಎಡವುವುದು ಒಂದೇ ಕಡೆ. ಯಾರೂ ಕಡಿಮೆ ಮಾಡುತ್ತಿಲ್ಲ, ಆದರೆ ಆಮೇಲೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಿದ್ದಾರೆ. ಮೊದಲು ಸುರಕ್ಷತೆ, ಆಮೇಲೆ ನಿದ್ರೆ ಮತ್ತು ವಿಶ್ರಾಂತಿ, ಆಮೇಲೆ ದಿನಚರಿ. ಅಭ್ಯಾಸ ಮಾಡಿಸುವುದು ಅದಾದ ಮೇಲೆ. ಈ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹಂತ 1: ಆಸ್ಪತ್ರೆ ಬಿಡುವ ಮೊದಲೇ ಕೈಯಾರೆ ಮಾಡಿ ಕಲಿಯಿರಿ

ಡಿಸ್ಚಾರ್ಜ್ ದಿನ ಬಿಲ್ಲು, ಮಾತ್ರೆ, ಗಾಡಿಯ ಗಡಿಬಿಡಿ ಇರುತ್ತದೆ. ಅವತ್ತು ಯಾರು ಏನು ಹೇಳಿದರೂ ತಲೆಗೆ ಹೋಗುವುದಿಲ್ಲ. ಮೂರ್ನಾಲ್ಕು ದಿನ ಮೊದಲೇ ಫಿಸಿಯೋಥೆರಪಿಸ್ಟ್ ಮತ್ತು ನರ್ಸ್ ಹತ್ತಿರ ‘ನಾನು ಮಾಡುತ್ತೇನೆ, ನೀವು ನೋಡಿ ತಿದ್ದಿ’ ಎಂದು ಕೇಳಿ. ನೋಡಿ ಕಲಿತದ್ದು ಮನೆಯಲ್ಲಿ ಕೈಕೊಡುತ್ತದೆ.

ಹಾಸಿಗೆಯಿಂದ ವೀಲ್‌ಚೇರ್‌ಗೆ ಕೂರಿಸುವುದನ್ನು ಮೊದಲು ಕಲಿಯಿರಿ. ಸಾಮಾನ್ಯವಾಗಿ ಶಕ್ತಿ ಇರುವ ಮಗ್ಗುಲಿಗೆ ಕುರ್ಚಿ ಇಡಬೇಕು. ಎರಡೂ ಬ್ರೇಕ್ ಹಾಕಬೇಕು. ಕಾಲಿಡುವ ಹಲಗೆಯನ್ನು ಪಕ್ಕಕ್ಕೆ ಸರಿಸಬೇಕು. ಆಮೇಲೆ ಅವರ ಸೊಂಟಕ್ಕೆ ಕಟ್ಟಿದ ಆಧಾರದ ಬೆಲ್ಟ್ ಹಿಡಿದು ಏಳಿಸಬೇಕು. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಸೋತ ಕೈಯನ್ನು ಹಿಡಿದು ಎಳೆಯಲೇಬೇಡಿ. ಆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳಲ್ಲಿ ಬಲ ಇರುವುದಿಲ್ಲ, ಒಂದು ಎಳೆತಕ್ಕೆ ಕೀಲು ಜಾರಬಹುದು. ಆ ನೋವು ತಿಂಗಳುಗಟ್ಟಲೆ ವ್ಯಾಯಾಮವನ್ನೇ ನಿಲ್ಲಿಸಿಬಿಡಬಹುದು. ತಾವಾಗಿ ಹೊರಳಲು ಆಗದವರಿಗೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಎಷ್ಟು ಹೊತ್ತಿಗೊಮ್ಮೆ ಎಂದು ನರ್ಸ್ ಹತ್ತಿರ ಕೇಳಿಕೊಳ್ಳಿ.

ನುಂಗುವುದರ ಬಗ್ಗೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಕೇಳಿ. ಗಟ್ಟಿ ಪದಾರ್ಥಕ್ಕಿಂತ ನೀರಿನಂಥ ತೆಳು ದ್ರವ ಹಲವರಿಗೆ ಜಾಸ್ತಿ ಅಪಾಯ. ಅದು ಬೇಗ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ. ಪೂರ್ತಿ ನೆಟ್ಟಗೆ ಕೂರಿಸಿ ಸಣ್ಣ ತುತ್ತು ಕೊಡಿ. ಒಂದು ತುತ್ತು ಒಳಗೆ ಹೋದ ಮೇಲೆ ಇನ್ನೊಂದು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಕುಡಿದ ಮೇಲೆ ಸ್ವರ ಗೊರಗೊರ ಅಂದರೆ ತಪ್ಪು ದಾರಿಗೆ ಹೋಗಿದೆ ಅಂತ ತಿಳಿಯಿರಿ. ಕೆಮ್ಮು ಬರದಿದ್ದರೆ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ, ಕೆಲವರಿಗೆ ಕೆಮ್ಮುವ ಪ್ರತಿಕ್ರಿಯೆಯೇ ಕುಗ್ಗಿರುತ್ತದೆ.

ಡಾಕ್ಟರ್ ಹತ್ತಿರ ಕೇಳಿ ಬರೆದುಕೊಳ್ಳಬೇಕಾದ್ದು ಹೀಗಿದೆ. ಫಿಟ್ಸ್ ಮಾತ್ರೆ ಯಾವಾಗಿನ ತನಕ? ರಕ್ತ ತೆಳುವಾಗಿಸುವ ಮಾತ್ರೆ ಮೊದಲೇ ಇದ್ದರೆ ಮತ್ತೆ ಯಾವಾಗ ಶುರು? ತಲೆಬುರುಡೆಯ ತುಂಡು ತೆಗೆದಿದ್ದರೆ ಯಾವ ಕಡೆ, ಮರಳಿ ಕೂರಿಸುವುದು ಯಾವಾಗ, ಅಲ್ಲಿಯತನಕ ಹೆಲ್ಮೆಟ್ ಎಷ್ಟು ಹೊತ್ತು? ಮುಂದಿನ ಸ್ಕ್ಯಾನ್ ಯಾವಾಗ? ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಡಿಸ್ಚಾರ್ಜ್ ಸಮ್ಮರಿ ಮತ್ತು ಸ್ಕ್ಯಾನ್‌ಗಳ ಎರಡು ಪ್ರತಿ ಇಟ್ಟುಕೊಳ್ಳಿ.

ಹಂತ 2: ಅಪಾಯದ ಗುರುತುಗಳನ್ನು ಗೋಡೆಗೆ ಅಂಟಿಸಿ

ಇದನ್ನು ಕೊನೆಗೆ ಓದಿದರಾಯಿತು ಎಂದು ಬಿಡಬೇಡಿ. ಮನೆಯಲ್ಲಿ ಯಾರೇ ಇದ್ದರೂ ಕಣ್ಣಿಗೆ ಬೀಳುವ ಹಾಗೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದವು ಇವು. ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದ ಮಂಪರು. ಏರುತ್ತಲೇ ಹೋಗುವ ತಲೆನೋವು, ಅದರ ಜೊತೆ ವಾಂತಿ. ಹೊಸದಾಗಿ ಒಂದು ಕಡೆ ಕೈಕಾಲು ಸೋಲುವುದು ಅಥವಾ ಮಾತು ತೊದಲುವುದು. ಮೂಗು ಅಥವಾ ಕಿವಿಯಿಂದ ನೀರಿನಂಥ ತಿಳಿ ದ್ರವ ಸೋರುವುದು. ಜ್ವರದ ಜೊತೆ ಕತ್ತು ಬಿಗಿಯುವುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು. ಕೆಮ್ಮು, ಜ್ವರ, ಉಸಿರಿನ ಕಷ್ಟ ಒಟ್ಟಿಗೆ ಬರುವುದು.

ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ಮಗ್ಗುಲಾಗಿ ತಿರುಗಿಸಿ, ತಲೆಯ ಕೆಳಗೆ ಮೆತ್ತಗಿರುವುದನ್ನು ಇಡಿ, ಸುತ್ತ ಚೂಪಾದ ವಸ್ತು ಇದ್ದರೆ ಸರಿಸಿ. ಬಾಯಿಗೆ ಏನೂ ಹಾಕಬೇಡಿ, ಕೈಕಾಲು ಒತ್ತಿ ಹಿಡಿಯಬೇಡಿ. 5 ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಇನ್ನೊಂದು ಬಂದರೆ ಆಂಬುಲೆನ್ಸ್ ಕರೆಯಿರಿ. ಮೊದಲ ಸಲ ಬಂದದ್ದಾದರೆ 5 ನಿಮಿಷಕ್ಕೂ ಕಾಯುವುದು ಬೇಡ. ಫಿಟ್ಸ್ ಮಾತ್ರೆಯನ್ನು ‘ಈಗ ಚೆನ್ನಾಗಿದ್ದಾರಲ್ಲ’ ಎಂದು ನೀವಾಗಿ ನಿಲ್ಲಿಸಬೇಡಿ, ತಟ್ಟನೆ ನಿಲ್ಲಿಸಿದರೆ ಅದೇ ಫಿಟ್ಸ್ ತರಬಹುದು.

ನಿಧಾನವಾಗಿ ಬರುವ ಅಪಾಯಗಳು ಮನೆಯವರ ಕಣ್ಣು ತಪ್ಪುವುದು ಜಾಸ್ತಿ. ಮೆದುಳಿನ ಪೊರೆಯ ಕೆಳಗೆ ರಕ್ತ ವಾರಗಟ್ಟಲೆ ಸದ್ದಿಲ್ಲದೆ ಶೇಖರವಾಗಬಹುದು. ಮೆದುಳಿನೊಳಗಿನ ದ್ರವ ಸರಿಯಾಗಿ ಹರಿಯದೆ ತುಂಬಿಕೊಳ್ಳುವುದು ತಿಂಗಳುಗಳ ಮೇಲೂ ಆಗಬಹುದು. ಆಗ ನಡೆಯಲು ಕಲಿತಿದ್ದವರು ಮತ್ತೆ ಕಾಲೆಳೆಯುತ್ತಾರೆ, ಮೂತ್ರ ತಡೆಯಲಾಗುವುದಿಲ್ಲ, ಮಾತು ಮಂಕಾಗುತ್ತದೆ. ಮನೆಯವರು ಇದಕ್ಕೆ ಸೋಮಾರಿತನ ಅಂತ ಹೆಸರಿಡುತ್ತಾರೆ. ನನ್ನ ಲೆಕ್ಕ ಇಷ್ಟೆ: ಒಂದು ದಿನ ಕೆಟ್ಟದಾಗಿ ಹೋಗುವುದು ಸಹಜ. ವಾರಗಟ್ಟಲೆ ಸುಧಾರಣೆ ಕಾಣದಿರುವುದೂ ಸಹಜ. ಬಂದಿದ್ದ ಶಕ್ತಿ ದಿನದಿಂದ ದಿನಕ್ಕೆ ಹೋಗುತ್ತಿದ್ದರೆ ಅದು ಸಹಜ ಅಲ್ಲ, ತೋರಿಸಿ.

ಹಂತ 3: ಮನೆಯನ್ನು ಅವರ ಕಣ್ಣಿನಿಂದ ನೋಡಿ

ಜಾರುವ ಕಾಲೊರೆಸು, ನೆಲದ ಮೇಲಿನ ವೈರು ತೆಗೆಯಿರಿ. ಬಚ್ಚಲಿನಲ್ಲಿ ಹಿಡಿಕೆ, ಕೂರಲು ಸ್ಟೂಲು ಬೇಕು. ಬಾಗಿಲಿನ ಒಳಚಿಲಕ ತೆಗೆಸಿಬಿಡಿ. ಹಾಸಿಗೆಯಿಂದ ಟಾಯ್ಲೆಟ್ ತನಕ ರಾತ್ರಿ ದೀಪ ಇರಲಿ. ಮಾತ್ರೆಗಳು, ಚೂಪಾದ ಉಪಕರಣ, ಗಾಡಿಯ ಕೀ ಬೀರುವಿನೊಳಗೆ ಹೋಗಲಿ.

ಯಾರೂ ಯೋಚಿಸದ ಒಂದು ವಿಷಯ ವಾಸನೆ. ತಲೆಗೆ ಜೋರು ಪೆಟ್ಟಾದಾಗ ವಾಸನೆ ಒಯ್ಯುವ ಸೂಕ್ಷ್ಮ ನರಗಳು ಹರಿದುಹೋಗಬಹುದು. ಅವರಿಗೆ ಗ್ಯಾಸ್ ಸೋರಿದ್ದು, ಹೊಗೆ, ಹಳಸಿದ ಊಟ ಯಾವುದೂ ಗೊತ್ತಾಗದಿರಬಹುದು. ಒಮ್ಮೆ ಸೋಪು ಮೂಸಿಸಿ ನೋಡಿ. ಗೊತ್ತಾಗದಿದ್ದರೆ ಒಲೆಯ ಹತ್ತಿರ ಒಬ್ಬರನ್ನೇ ಬಿಡಬೇಡಿ, ಗ್ಯಾಸ್ ಅಲಾರಂ ಹಾಕಿಸಿ.

ಇನ್ನೊಂದು, ಕೆಲವರಿಗೆ ಎಡಗಡೆಯ ಜಗತ್ತು ಗಮನಕ್ಕೇ ಬರುವುದಿಲ್ಲ. ಕಣ್ಣು ಸರಿಯಿರುತ್ತದೆ. ಆದರೂ ತಟ್ಟೆಯ ಎಡ ಅರ್ಧ ಹಾಗೇ ಉಳಿದಿರುತ್ತದೆ, ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಾಗುತ್ತದೆ. ಹೀಗೆ ಕಂಡರೆ ಥೆರಪಿಸ್ಟ್‌ಗೆ ಹೇಳಿ. ಅಲ್ಲಿಯತನಕ ಮುಖ್ಯವಾದ ವಸ್ತುಗಳನ್ನು, ಕರೆಯುವ ಗಂಟೆಯನ್ನು, ಬಲಗಡೆ ಇಡಿ.

ಹಂತ 4: ನಿದ್ರೆ ಮತ್ತು ವಿಶ್ರಾಂತಿ

ಎಲ್ಲರೂ ಹಾರಿಬಿಡುವ ಹಂತ ಇದು. ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ.

ಪೆಟ್ಟಾದ ಮೆದುಳು ಬೇಗ ದಣಿಯುತ್ತದೆ. ಕೆಲಸ ಮಾಡಿದ್ದಕ್ಕೆ ಬರುವ ಸುಸ್ತಿನ ಹಾಗಲ್ಲ ಇದು. ಸುಮ್ನೆ ಕೂತು ನಾಲ್ಕು ಜನರ ಮಾತು ಕೇಳಿದರೂ ಬರುತ್ತದೆ. ನಾವು ಯೋಚನೆಯಿಲ್ಲದೆ ಮಾಡುವ ಕೆಲಸಕ್ಕೂ ಅವರು ಗಮನ ಕೊಟ್ಟೇ ಮಾಡಬೇಕು. ಅಂಗಿಯ ತೋಳು ಹುಡುಕುವುದು, ಫ್ಯಾನಿನ ಸದ್ದಿನಲ್ಲಿ ಮಾತು ಹಿಡಿಯುವುದು, ಎಲ್ಲಕ್ಕೂ ಅದೇ ಸಣ್ಣ ಬ್ಯಾಟರಿ.

ಮೊದಲ ಒಂದು ವಾರ ಏನನ್ನೂ ಕಲಿಸಬೇಡಿ. ಒಂದು ನೋಟ್‌ಬುಕ್ ಹಿಡಿದು ಬರೆಯಿರಿ: ಎಷ್ಟು ಗಂಟೆಗೆ ಎದ್ದರು, ಏನು ಮಾಡಿದರು, ಸುಸ್ತಿನ ಮೊದಲ ಗುರುತು ಯಾವಾಗ ಕಂಡಿತು. ಒಬ್ಬೊಬ್ಬರಿಗೆ ಒಂದೊಂದು ಗುರುತು ಇರುತ್ತದೆ. ಮೇಲಿಂದ ಮೇಲೆ ಆಕಳಿಕೆ, ನೋಟ ಒಂದೇ ಕಡೆ ನಿಲ್ಲುವುದು, ಹೇಳಿದ್ದನ್ನೇ ಹೇಳುವುದು, ಸಣ್ಣದಕ್ಕೆ ಸಿಡುಕು. ನಮ್ಮನೆಯವರು ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಲು ಶುರು ಮಾಡುತ್ತಿದ್ದರು. ಅದು ಕಂಡ ಹತ್ತು ನಿಮಿಷಕ್ಕೆ ಜಗಳ. ಅದು ನನಗೆ ತಿಳಿದದ್ದು ನೋಟ್‌ಬುಕ್ಕಿನ ಐದನೆಯ ಪುಟದಲ್ಲಿ.

ಗುರುತು ಸಿಕ್ಕಿದ ಮೇಲೆ, ಅದು ಬರುವ ಮೊದಲೇ ವಿಶ್ರಾಂತಿ ಕೊಡಿ. 20 ನಿಮಿಷಕ್ಕೆ ಸುಸ್ತಾಗುತ್ತಾರೆ ಅಂದರೆ 15ಕ್ಕೆ ನಿಲ್ಲಿಸಿ. ವಿಶ್ರಾಂತಿ ಅಂದರೆ ಟಿವಿ, ಮೊಬೈಲ್ ಅಲ್ಲ. ಮಂದ ಬೆಳಕು, ಸದ್ದಿಲ್ಲದ ಕೋಣೆ, ಮಾತಿಲ್ಲ. ಹಗಲಿನ ನಿದ್ದೆ ಚಿಕ್ಕದಿರಲಿ, ಸಂಜೆಗೆ ತಾಗದಿರಲಿ. ಏಳುವ ಮತ್ತು ಮಲಗುವ ಹೊತ್ತು ಒಂದೇ ಇರಲಿ. ನಿದ್ರೆ ಮಾತ್ರೆ ನೀವಾಗಿ ತಂದು ಕೊಡಬೇಡಿ, ಕೆಲವು ಮಾತ್ರೆಗಳು ಗೊಂದಲ ಹೆಚ್ಚಿಸುತ್ತವೆ. ಮದ್ಯ ಬೇಡವೇ ಬೇಡ. ಅದು ಫಿಟ್ಸ್ ಮತ್ತು ಬೀಳುವ ಅಪಾಯ ಎರಡನ್ನೂ ಹೆಚ್ಚಿಸುತ್ತದೆ. ಎರಡನೆಯ ಸಲ ತಲೆಗೆ ಪೆಟ್ಟು ಬೀಳುವುದನ್ನು ಹೇಗಾದರೂ ತಪ್ಪಿಸಬೇಕು.

ನೋಡಲು ಬರುವವರಿಗೆ ಮಿತಿ ಹಾಕಿ. ಒಂದು ಸಲಕ್ಕೆ ಇಬ್ಬರು, 15 ನಿಮಿಷ. ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ನಿಮ್ಮ ಬಾಯಲ್ಲಿ ಹೇಳಲು ಕಷ್ಟ ಅನಿಸಿದರೆ ‘ಡಾಕ್ಟರ್ ಹೇಳಿದ್ದಾರೆ’ ಎಂದು ಬಾಗಿಲಿಗೆ ಚೀಟಿ ಹಾಕಿ.

ಹಂತ 5: ಪರೀಕ್ಷೆ ಮಾಡಬೇಡಿ, ತಿಳಿಸಿ

ಪೆಟ್ಟಾದ ಮೇಲೆ ಕೆಲವು ದಿನ, ಕೆಲವರಿಗೆ ವಾರಗಟ್ಟಲೆ, ಹೊಸ ನೆನಪು ಕೂರುವುದೇ ಇಲ್ಲ. ಎಚ್ಚರ ಇರುತ್ತಾರೆ, ಮಾತಾಡುತ್ತಾರೆ, ಒಂದು ಗಂಟೆಯ ಹಿಂದೆ ನೀವು ಬಂದದ್ದು ನೆನಪಿರುವುದಿಲ್ಲ. ಖಾಲಿ ಜಾಗಕ್ಕೆ ಮೆದುಳು ತಾನೇ ಕಥೆ ಕಟ್ಟಿ ತುಂಬುತ್ತದೆ. ‘ನಿನ್ನೆ ಆಫೀಸಿಗೆ ಹೋಗಿ ಬಂದೆ’ ಅಂದರೆ ಅದು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಹಾಗೇ ಅನಿಸುತ್ತಿರುತ್ತದೆ.

ನಾನು ಮದುವೆಯ ಆಲ್ಬಂ ತಂದು ಹಾಸಿಗೆಯ ಮೇಲೆ ಬಿಚ್ಚಿದ್ದೆ. ‘ಇವರು ಯಾರು ಹೇಳಿ? ಇವರು?’ ಮೂರನೆಯ ಫೋಟೊಕ್ಕೆ ಅವರ ಹಣೆಯಲ್ಲಿ ಬೆವರು. ಆಲ್ಬಂ ಮುಚ್ಚಿ ಗೋಡೆಯ ಕಡೆ ತಿರುಗಿ ಮಲಗಿದರು. ಆ ದಿನ ಮತ್ತೆ ಮಾತಾಡಲಿಲ್ಲ. ಪರೀಕ್ಷೆಯಿಂದ ನೆನಪು ಬರುವುದಿಲ್ಲ, ಸೋಲು ಮಾತ್ರ ಗಟ್ಟಿಯಾಗುತ್ತದೆ.

ಅದರ ಬದಲು ನೀವೇ ಹೇಳಿ. ‘ನಾನು ಬಂದೆ ರೀ. ಇವತ್ತು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ನೀವು ಬಿದ್ದು ತಲೆಗೆ ಪೆಟ್ಟಾಗಿತ್ತು, ಈಗ ಮನೆಯಲ್ಲಿದ್ದೀರಿ.’ ದಿನಕ್ಕೆ ಇಪ್ಪತ್ತು ಸಲ ಹೇಳಬೇಕಾದರೆ ಇಪ್ಪತ್ತು ಸಲ, ಅದೇ ದನಿಯಲ್ಲಿ. ಕಟ್ಟಿದ ಕಥೆಗೆ ವಾದ ಮಾಡಬೇಡಿ, ಹೂಂ ಅಂತಲೂ ಅನ್ನಬೇಡಿ. ಮೆಲ್ಲಗೆ ಬೇರೆ ಮಾತಿಗೆ ಹೊರಳಿ.

ಮಾತು ಕಷ್ಟವಾಗಿದ್ದರೆ ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಿ. ಒಂದು ಸಲಕ್ಕೆ ಒಂದೇ. ಕೇಳಿ ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ.

ಹಂತ 6: ದಿನಚರಿ ಕಟ್ಟಿ

ಒಂದು ದೊಡ್ಡ ಬಿಳಿ ಬೋರ್ಡು, ಒಂದು ಡೈರಿ, ಮೊಬೈಲ್ ಅಲಾರಂ. ಇಷ್ಟೇ ಸಾಕು. ಜಾಸ್ತಿ ಆ್ಯಪ್, ಬಣ್ಣದ ಚೀಟಿ ಅಂತ ಹೋದರೆ ಯಾವುದನ್ನು ನೋಡಬೇಕು ಎಂಬುದೇ ಇನ್ನೊಂದು ಒಗಟಾಗುತ್ತದೆ. ಬೋರ್ಡಿನಲ್ಲಿ ಆ ದಿನದ ಐದಾರು ಕೆಲಸ ಮಾತ್ರ ಇರಲಿ. ಮುಗಿದದ್ದಕ್ಕೆ ಅವರೇ ಗೆರೆ ಎಳೆಯಲಿ. ಏನಾದರೂ ಕೇಳಿದಾಗ ಉತ್ತರ ಹೇಳುವ ಬದಲು ‘ಬೋರ್ಡ್ ನೋಡೋಣ ಬನ್ನಿ’ ಅನ್ನಿ. ಕನ್ನಡಕ, ಮೊಬೈಲ್, ಡೈರಿಗೆ ಒಂದೊಂದು ಜಾಗ, ಅದು ಬದಲಾಗಬಾರದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಒಂದು ದಿನ ಬೆಳಿಗ್ಗೆ ನಮ್ಮನೆಯವರು ಬೇಸಿನ್ ಮುಂದೆ ನಿಂತಿದ್ದರು. ಬ್ರಷ್ ಕೈಯಲ್ಲಿತ್ತು, ಪೇಸ್ಟ್ ಹಾಕಿಯಾಗಿತ್ತು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಹಾಗೇ ನಿಂತಿದ್ದಾರೆ, ಪೇಸ್ಟ್ ಜಾರಿ ಬೇಸಿನ್‌ಗೆ ಬಿದ್ದಿದೆ. ನಾನು ಜೋರಾಗಿ ರೇಗಿದೆ. ಆಮೇಲೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವವರು) ವಿವರಿಸಿದರು. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ಏನು ಮಾಡಬೇಕು ಎಂದು ಗೊತ್ತಿರುತ್ತದೆ, ಮಾಡಲು ಬೇಕಾದ ಬಲವೂ ಇರುತ್ತದೆ, ಶುರು ಮಾಡುವ ಗುಂಡಿ ಮಾತ್ರ ಒತ್ತಲಾಗುವುದಿಲ್ಲ. ಹೊರಗಿನಿಂದ ಅದು ಸೋಮಾರಿತನದ ಹಾಗೇ ಕಾಣುತ್ತದೆ. ಬೈದರೆ ಗುಂಡಿ ಇನ್ನೂ ಗಟ್ಟಿಯಾಗುತ್ತದೆ.

ಪರಿಹಾರ ಒಂದು ಚಿಕ್ಕ ಮಾತು. ‘ಈಗ ಹಲ್ಲುಜ್ಜಿ.’ ಅಷ್ಟೇ, ಆಮೇಲೆ ಕಾಯಬೇಕು. ಮಾತಿನಿಂದ ಆಗದಿದ್ದರೆ ಮೊಣಕೈಯನ್ನು ಮೆಲ್ಲಗೆ ಮುಟ್ಟಿ. ಕೆಲಸದ ಹಂತಗಳನ್ನು ಬರೆದು ಕನ್ನಡಿಯ ಪಕ್ಕ ಅಂಟಿಸಿ, ಕ್ರಮೇಣ ನಿಮ್ಮ ಮಾತಿನ ಜಾಗಕ್ಕೆ ಆ ಪಟ್ಟಿ ಬರಲಿ.

ಹಂತ 7: ಅಭ್ಯಾಸ ನಿಜವಾದ ಕೆಲಸದಲ್ಲೇ ಆಗಲಿ

ಮೊಬೈಲಿನ ಮೆದುಳಿನ ಆಟಗಳ ಹಿಂದೆ ಬೀಳಬೇಡಿ. ಆಟದಲ್ಲಿ ಚುರುಕಾದವರು ಆ ಆಟದಲ್ಲಿ ಚುರುಕಾಗುತ್ತಾರೆ, ಅದು ಅಂಗಿ ಹಾಕುವುದಕ್ಕೆ ಬರುತ್ತದೆ ಎಂದು ನಂಬಿ ಕೂರಬಾರದು. ಅಂಗಿ ಹಾಕಲು ಬರಬೇಕಾದರೆ ಅಂಗಿಯನ್ನೇ ಹಾಕಿಸಿ.

ನೆನಪು ತೀರಾ ಕುಂದಿದವರಿಗೆ ‘ತಪ್ಪು ಮಾಡಿ ಕಲಿಯಲಿ’ ಎಂಬ ಮಾತು ಹೊಂದುವುದಿಲ್ಲ. ಆದ ಘಟನೆ ಮರೆತುಹೋಗುತ್ತದೆ, ಕೈ ಮಾಡಿದ್ದು ಅಭ್ಯಾಸವಾಗಿ ಉಳಿಯುತ್ತದೆ. ತಪ್ಪು ಅಂತ ನೀವು ತಿದ್ದಿದ್ದು ನೆನಪಿರುವುದಿಲ್ಲ, ತಪ್ಪು ಮಾತ್ರ ಕೂತಿರುತ್ತದೆ. ಹಾಗಾಗಿ ತಪ್ಪಲು ಬಿಡದೆ ಕಲಿಸಬೇಕು. ಊಹೆ ಮಾಡಿಸಬೇಡಿ, ಮುಂದಿನ ಹೆಜ್ಜೆಯನ್ನು ಮೊದಲೇ ತೋರಿಸಿ.

ಅಂಗಿಯನ್ನೇ ತೆಗೆದುಕೊಳ್ಳಿ. ಒಂದು ಕೈ ಸೋತಿದ್ದರೆ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಒಳ್ಳೆಯ ಕೈ ಮೊದಲು. ಮೊದಲ ಕೆಲವು ದಿನ ಎಲ್ಲವನ್ನೂ ನೀವು ಮಾಡಿ, ಕೊನೆಯ ಗುಂಡಿಯನ್ನು ಮಾತ್ರ ಅವರಿಗೆ ಬಿಡಿ. ಅದು ಬಂದ ಮೇಲೆ ಕೊನೆಯ ಎರಡು. ಆಮೇಲೆ ಒಳ್ಳೆಯ ಕೈಯ ತೋಳು. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ ಪ್ರತಿ ದಿನವೂ ಕೆಲಸ ಮುಗಿಯುವುದು ಅವರ ಕೈಯಲ್ಲೇ. ಒಂದೇ ಹೊತ್ತು, ಒಂದೇ ಜಾಗ, ಒಂದೇ ಕ್ರಮ. ಎರಡು ಕೆಲಸಕ್ಕಿಂತ ಜಾಸ್ತಿ ಒಟ್ಟಿಗೆ ಕಲಿಸಬೇಡಿ.

ಸಾಮಾನ್ಯವಾಗಿ ಮೊದಲ 6 ತಿಂಗಳಲ್ಲಿ ಸುಧಾರಣೆ ಬೇಗ ಕಾಣುತ್ತದೆ. ಆಮೇಲೆ ವೇಗ ತಗ್ಗುತ್ತದೆ. ‘6 ತಿಂಗಳಾಯಿತು, ಇನ್ನು ಇಷ್ಟೇ’ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಎರಡು ವರ್ಷದ ಮೇಲೂ ಹೊಸ ಕೆಲಸ ಕಲಿತವರಿದ್ದಾರೆ. ತಿಂಗಳಿಗೊಮ್ಮೆ, ಅವರು ಒಪ್ಪಿದರೆ, ಒಂದೇ ಕೆಲಸ ಮಾಡುವ ಚಿಕ್ಕ ವಿಡಿಯೊ ತೆಗೆದಿಡಿ. ದಿನವೂ ನೋಡುವ ನಮಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ, ಡಾಕ್ಟರಿಗೂ ತೋರಿಸಬಹುದು.

ಹಂತ 8: ಸಿಟ್ಟು ಬಂದಾಗ

ಸಿಟ್ಟಿಗೆ ಬ್ರೇಕ್ ಹಾಕುವ ಭಾಗಕ್ಕೇ ಪೆಟ್ಟಾಗಿರುತ್ತದೆ. ಆ ಹೊತ್ತಿನಲ್ಲಿ ಬುದ್ಧಿ ಹೇಳುವುದು, ‘ನೀವು ಹೀಗಿರಲಿಲ್ಲ’ ಅನ್ನುವುದು, ಅಳುವುದು, ಯಾವುದೂ ಒಳಗೆ ಇಳಿಯುವುದಿಲ್ಲ. ದನಿ ತಗ್ಗಿಸಿ. ಮಾತು ಕಡಿಮೆ ಮಾಡಿ. ಟಿವಿ ಆಫ್ ಮಾಡಿ, ಉಳಿದವರನ್ನು ಹೊರಗೆ ಕಳಿಸಿ. ‘ಹತ್ತು ನಿಮಿಷ ಬಿಟ್ಟು ಬರುತ್ತೇನೆ’ ಎಂದು ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ.

ಆಮೇಲೆ ನೋಟ್‌ಬುಕ್ಕಿಗೆ ಮೂರು ಸಾಲು: ಮೊದಲು ಏನಾಗಿತ್ತು, ಅವರು ಏನು ಮಾಡಿದರು, ನಾವು ಏನು ಮಾಡಿದೆವು. ಹತ್ತು ಸಲದ್ದು ಸೇರಿದರೆ ಕಾರಣ ಹೊರಬೀಳುತ್ತದೆ. ಹೆಚ್ಚಾಗಿ ಸುಸ್ತು, ಹಸಿವು, ಸದ್ದು, ನೋವು, ಇಲ್ಲವೇ ತಟ್ಟನೆ ಬದಲಾದ ಯೋಜನೆ. ಹತ್ತು ಜನರ ಮುಂದೆ ಆಡಬಾರದ ಮಾತು ಆಡುವುದೂ ಇದೇ ಬ್ರೇಕಿನ ತೊಂದರೆ. ಶಾಂತವಾಗಿದ್ದಾಗ ಇಬ್ಬರೂ ಸೇರಿ, ಅಂಥ ಮಾತನ್ನು ನಿಲ್ಲಿಸಲು ಒಂದು ಸನ್ನೆ ಗೊತ್ತುಮಾಡಿಕೊಳ್ಳಿ.

ಅರ್ಥ ಮಾಡಿಕೊಳ್ಳುವುದು ಅಂದರೆ ಹೊಡೆತ ತಿನ್ನುವುದಲ್ಲ. ಕೈ ಎತ್ತಿದರೆ ಮಕ್ಕಳನ್ನು ಕರೆದುಕೊಂಡು ಆಚೆ ಹೋಗಿ. ಯಾರ ಮನೆಗೆ, ಯಾರಿಗೆ ಫೋನ್ ಎಂದು ಮೊದಲೇ ಗೊತ್ತಿರಲಿ. ಆ ವಾರವೇ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಬದುಕು ಬೇಡ ಎಂಬ ಮಾತು ಬಂದರೂ ಅಷ್ಟೇ. ‘ಸಾಯಬೇಕು ಅನಿಸುತ್ತಿದೆಯಾ’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೂಂ ಅಂದರೆ ಒಬ್ಬರನ್ನೇ ಬಿಡದೆ ಅವತ್ತೇ ಕರೆದೊಯ್ಯಿರಿ.

ಹಂತ 9: ಗಾಡಿ, ದುಡ್ಡು, ಕೆಲಸ

ತಮಗೆ ಏನೂ ಆಗಿಲ್ಲ ಎಂದು ಅವರು ಖಚಿತವಾಗಿ ಹೇಳಬಹುದು. ಹಟ ಅಲ್ಲ ಅದು, ತನ್ನ ಕೊರತೆಯನ್ನು ಗುರುತಿಸುವ ಶಕ್ತಿಗೇ ಪೆಟ್ಟಾಗಿರುತ್ತದೆ. ಗಾಡಿ ಓಡಿಸುವ ತೀರ್ಮಾನವನ್ನು ಡಾಕ್ಟರ್ ಬಾಯಿಂದಲೇ ಹೇಳಿಸಿ, ಆ ಜಗಳ ನಿಮ್ಮ ಮಧ್ಯೆ ಬೇಡ. ದೊಡ್ಡ ಮೊತ್ತದ ವ್ಯವಹಾರಕ್ಕೆ ಇಬ್ಬರ ಒಪ್ಪಿಗೆ ಬೇಕು ಎಂದು ಬ್ಯಾಂಕಿನಲ್ಲಿ ಏರ್ಪಾಡು ಮಾಡಿ, ಕೈಖರ್ಚಿಗೆ ಸಣ್ಣ ಮೊತ್ತ ಅವರ ಹತ್ತಿರವೇ ಇರಲಿ. ಕೆಲಸಕ್ಕೆ ಮರಳುವುದಾದರೆ ಎರಡು ಗಂಟೆಯಿಂದ ಶುರು ಮಾಡಿ, ನೋಟ್‌ಬುಕ್ ನೋಡಿಕೊಂಡು ಏರಿಸಿ. ಮೊದಲ ದಿನವೇ ಪೂರ್ತಿ ಹೊತ್ತು ಹೋಗಿ ವಾರದಲ್ಲಿ ಕುಸಿದು ಕೂತವರನ್ನು ಕಂಡಿದ್ದೇನೆ.

ಹಂತ 10: ಗಂಡ-ಹೆಂಡತಿಯಾಗಿ ಉಳಿಯಲು

ಬೆಳಗಿನಿಂದ ರಾತ್ರಿ ತನಕ ಮಾತ್ರೆ, ವ್ಯಾಯಾಮ, ತಿದ್ದುವುದು. ಹೀಗಾದರೆ ನೀವು ಮಾಸ್ತರಾಗುತ್ತೀರಿ, ಅವರು ದಡ್ಡ ವಿದ್ಯಾರ್ಥಿಯಾಗುತ್ತಾರೆ. ದಿನಕ್ಕೆ ಒಂದು ಗಂಟೆ ಏನನ್ನೂ ಕಲಿಸಬೇಡಿ. ಸುಮ್ನೆ ಪಕ್ಕದಲ್ಲಿ ಕೂರಿ. ಹಾಡು ಹಾಕಿ, ಕೈ ಹಿಡಿದುಕೊಳ್ಳಿ.

ದೇಹದ ಸಂಬಂಧದಲ್ಲೂ ಬದಲಾವಣೆ ಆಗುತ್ತದೆ. ಕೆಲವರಿಗೆ ಆಸೆ ಪೂರ್ತಿ ತಗ್ಗುತ್ತದೆ, ಕೆಲವರಿಗೆ ಹಿಡಿತ ಇರುವುದಿಲ್ಲ. ಪೆಟ್ಟಿನಿಂದ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ತೊಂದರೆಯಾಗಿ ಹಾರ್ಮೋನು ಕಡಿಮೆಯಾಗಿರಲೂಬಹುದು. ತೀರದ ಸುಸ್ತು, ಆಸೆ ಇಲ್ಲದಿರುವುದು, ಮುಟ್ಟು ನಿಲ್ಲುವುದು ಕಂಡರೆ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ನಾಚಿಕೆ ಬೇಡ. ನಿಮಗೇ ಮನಸ್ಸಿಲ್ಲದಿದ್ದರೆ ‘ಬೇಡ’ ಅನ್ನುವ ಹಕ್ಕು ನಿಮಗಿದೆ. ದಿನವಿಡೀ ಆರೈಕೆ ಮಾಡಿದ ಮೇಲೆ ಹಾಗೆ ಅನಿಸುವುದು ತಪ್ಪಲ್ಲ.

ಮನುಷ್ಯ ಕಣ್ಣೆದುರೇ ಇದ್ದಾರೆ, ಆದರೂ ಮದುವೆಯಾದವರು ಇವರಲ್ಲ ಅನಿಸಿ ದುಃಖ ಉಕ್ಕುತ್ತದೆ ಅಲ್ವಾ? ಅದು ನಿಜವಾದ ದುಃಖ. ‘ಜೀವ ಉಳಿದಿದೆಯಲ್ಲ, ಸಂತೋಷಪಡು’ ಅನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಇದೇ ದಾರಿಯಲ್ಲಿರುವ ಒಬ್ಬರನ್ನಾದರೂ ಹುಡುಕಿಕೊಳ್ಳಿ. ನಿಮಗೆ ಮೂರು ವಾರ ನಿದ್ದೆ ಸರಿಯಿಲ್ಲದಿದ್ದರೆ, ಊಟ ಸೇರದಿದ್ದರೆ ನೀವೂ ಡಾಕ್ಟರಿಗೆ ತೋರಿಸಿ.

ವಾರಕ್ಕೆ ಅರ್ಧ ದಿನವಾದರೂ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರಲಿ. ‘ನನ್ನ ಹಾಗೆ ಯಾರು ನೋಡಿಕೊಳ್ಳುತ್ತಾರೆ’ ಎಂದು ನಾನು ಎಂಟು ತಿಂಗಳು ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಒಂದೇ ಒಂದು ಪುಟ ಬರೆದಿಟ್ಟೆ, ಅದರಿಂದ ಸಾಧ್ಯವಾಯಿತು. ನೀವೂ ಬರೆಯಿರಿ: ಮಾತ್ರೆಯ ಹೊತ್ತು, ನುಂಗಲು ಕಷ್ಟವಿದ್ದು ನೀರನ್ನು ಗಟ್ಟಿ ಮಾಡಿ ಕೊಡಲು ಥೆರಪಿಸ್ಟ್ ಹೇಳಿದ್ದರೆ ಎಷ್ಟು ಗಟ್ಟಿ ಇರಬೇಕು, ಸುಸ್ತಿನ ಗುರುತು ಯಾವುದು, ಯಾವ ಮಾತು ಎತ್ತಬಾರದು, ಯಾರಿಗೆ ಫೋನ್. ನನ್ನ ಪುಟದ ಮೊದಲ ಸಾಲು ಹೀಗಿತ್ತು: ‘ಬ್ರಷ್ ಕೈಗೆ ಕೊಟ್ಟ ಮೇಲೆ ಒಂದೇ ಸಲ “ಈಗ ಹಲ್ಲುಜ್ಜಿ” ಅನ್ನಿ. ಆಮೇಲೆ ಕಾಯಿರಿ. ಅವರು ಮಾಡುತ್ತಾರೆ.’